ಬದುಕಿ ಉಳಿದವರ ಈಸೂರು

ಸೊರಬದ ಸೀಮೆಯಲ್ಲಿ ವೀರಗಲ್ಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೆರೆ ಏರಿಯ ಮೇಲೆ, ಬಸವಣ್ಣನ ಗುಡಿಯ ಹಿಂದೆ, ಗದ್ದೆ ಬದುವಿನ ಹುಲ್ಲಿನ ನಡುವೆ, ಅಡಿಕೆ ತೋಟದ ಬೇಲಿಗೆ ಒರಗಿಕೊಂಡು ಅವೇ ಎದುರಾಗುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಲ್ಲಿನ ಅರ್ಧಕ್ಕೆ ಪಾಚಿ ಏರಿರುತ್ತದೆ. ಅಂಗೈಯಿಂದ ಒರೆಸಿದರೆ ಒಳಗಿನ ಚಿತ್ರ ಒಂದೊಂದೇ ಮೇಲೇಳುತ್ತದೆ.

ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಬಾಲ ಎತ್ತಿಕೊಂಡು ಓಡುವ ದನಗಳು, ಅವುಗಳಿಗೂ ಕಳ್ಳರಿಗೂ ನಡುವೆ ಕಾಲು ಊರಿ ನಿಂತ ಒಬ್ಬ, ಅವನ ಮೈತುಂಬ ನೆಟ್ಟ ಬಾಣಗಳು. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ದೇವಕನ್ಯೆಯರು ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ತುದಿಯ ಪಟ್ಟಿಕೆಯಲ್ಲಿ ಲಿಂಗ, ನಂದಿ, ಕೈಮುಗಿದು ಕುಳಿತ ಅದೇ ಮನುಷ್ಯ. ಅದರ ಮೇಲೆ ಸೂರ್ಯ ಚಂದ್ರ. ಇಂಥ ಕಲ್ಲುಗಳ ಮೇಲಿನ ಬರಹವನ್ನು ಬಿ.ಎಲ್. ರೈಸ್ ಅವರು ಕಲೆಹಾಕಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದರು. 1902ರ ಏಳನೆಯ ಸಂಪುಟದಲ್ಲಿ ಶಿಕಾರಿಪುರ, 1904ರ ಎಂಟನೆಯದರಲ್ಲಿ ಸೊರಬ. ಈ ಎರಡು ತಾಲ್ಲೂಕುಗಳ ಶಾಸನಗಳಿಗೇ ಎಷ್ಟೊಂದು ಪುಟ ಹಿಡಿದಿದೆ ಎಂದು ನೋಡಿದರೆ, ಸತ್ತವರನ್ನು ಮರೆಯಬಾರದೆಂಬ ಹಟ ಈ ನೆಲದಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿತ್ತೆಂಬುದು ತಿಳಿಯುತ್ತದೆ.

ತುರುಗೋಳಿನಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಸತ್ತವನಿಗೆ ಕಲ್ಲು. ಅವನ ಮನೆಯವರಿಗೆ ನೆತ್ತರುಗೊಡಗೆ ಎಂದು ಒಂದಿಷ್ಟು ಗದ್ದೆ. ಆದರೆ ಅದೇ ಕಾಳಗದಲ್ಲಿ ಒಂದು ಕೈ ಕಳೆದುಕೊಂಡು, ದನಗಳನ್ನು ಹೊಡೆದುಕೊಂಡು, ಕತ್ತಲಾದ ಮೇಲೆ ಊರಿಗೆ ಮರಳಿದವನೂ ಇದ್ದಿರಬೇಕಲ್ಲ? ಮರುದಿನ ಒಂದೇ ಕೈಯಲ್ಲಿ ನೊಗ ಕಟ್ಟಲು ಒದ್ದಾಡಿದವನು? ಗಂಡನ ಕಲ್ಲಿಗೆ ಹೂ ಇಟ್ಟು ಬಂದು ಒಲೆ ಹಚ್ಚಿದವಳು? ಅವರಿಗೆ ಪಟ್ಟಿಕೆ ಇಲ್ಲ. ಕಲ್ಲು ಕಡೆಯುವವನಿಗೆ ಅವರ ಕತೆಯಲ್ಲಿ ಮೇಲಕ್ಕೆ ಒಯ್ಯುವ ದೇವಕನ್ಯೆಯರೇ ಸಿಗಲಿಲ್ಲವೇನೋ.

ಈ ಪ್ರಶ್ನೆಯನ್ನು ಹೊತ್ತುಕೊಂಡು ಸೊರಬದಿಂದ ಶಿರಾಳಕೊಪ್ಪದ ಹಾದಿ ಹಿಡಿಯಬೇಕು. ಕಾಡು ತೆಳುವಾಗುತ್ತ ಬರುತ್ತದೆ, ತೋಟಗಳ ನಡುವೆ ಮೆಕ್ಕೆಜೋಳದ ಹೊಲಗಳು ಅಗಲವಾಗುತ್ತವೆ. ಬಳ್ಳಿಗಾವಿ, ತಾಳಗುಂದ ಪಕ್ಕದಲ್ಲೇ ಉಳಿಯುತ್ತವೆ. ಶಿಕಾರಿಪುರ ಪೇಟೆಯಲ್ಲಿ ಹುಚ್ಚರಾಯಸ್ವಾಮಿಗೆ ಕೈಮುಗಿದು ಮುಂದೆ ಹೊರಟರೆ ಕುಮುದ್ವತಿಯ ದಂಡೆಯಲ್ಲಿ ಈಸೂರು ಸಿಗುತ್ತದೆ. ಹೆಂಚಿನ ಮನೆಗಳು, ಈಚೆಗೆ ಎದ್ದ ತಾರಸಿ ಮನೆಗಳು, ಅಂಗಳದಲ್ಲಿ ಒಣಹಾಕಿದ ಜೋಳ, ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುವ ಹಿರಿಯರು. ಅರೆಮಲೆನಾಡಿನ ಹತ್ತಾರು ಊರುಗಳ ಹಾಗೆಯೇ ಇದೂ ಒಂದು. ವೀರಭದ್ರೇಶ್ವರನ ಗುಡಿಯ ಮುಂದೆ ನಿಂತಾಗ ಮಾತ್ರ ಮೈ ಝುಮ್ಮೆನ್ನುತ್ತದೆ. 1942ರಲ್ಲಿ, ಮೈಸೂರು ಸಂಸ್ಥಾನದ ಕಾನೂನು ಇನ್ನೂ ಚಾಲ್ತಿಯಲ್ಲಿದ್ದಾಗ, ಈ ಗುಡಿಯ ಮೇಲೆ ಊರಿನವರು ತ್ರಿವರ್ಣ ಧ್ವಜ ಏರಿಸಿ ತಾವು ಸ್ವತಂತ್ರರೆಂದು ಸಾರಿದ್ದರು.

ಆ ವರ್ಷ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಗಾಂಧೀಜಿ ಕೊಟ್ಟ ಕರೆ ಇಲ್ಲಿಗೆ ತಲುಪಲು ತಡವಾಗಲಿಲ್ಲ. ಪ್ರಭಾತಫೇರಿಗಳು ಶುರುವಾದವು. ಸಾಹುಕಾರ್ ಬಸವಣ್ಣೆಪ್ಪನವರ ಮುಂದಾಳುತನದಲ್ಲಿ ಊರು ಒಂದಾಯಿತು. ಜವಾಬ್ದಾರಿ ಸರ್ಕಾರ ಬೇಕೆಂಬುದು ಆಗ ಮೈಸೂರು ಕಾಂಗ್ರೆಸ್ಸಿನ ಕೂಗು. ಜನರಿಗೆ ಉತ್ತರ ಹೇಳದ ಸರ್ಕಾರದ ಅಧಿಕಾರಿಗಳಿಗೆ ಈ ಊರಲ್ಲಿ ಪ್ರವೇಶವಿಲ್ಲವೆಂದು ಈಸೂರಿನವರು ಊರಬಾಗಿಲಲ್ಲಿ ಬೋರ್ಡು ಹಾಕಿದರು. ತಮ್ಮದೇ ಸರ್ಕಾರ ಮಾಡಿಕೊಂಡರು. ಆ ಸರ್ಕಾರದ ಅಮಲ್ದಾರನಾಗಿ ಜಯಣ್ಣ ಎಂಬ ಹುಡುಗನನ್ನು, ಸಬ್ ಇನ್‌ಸ್ಪೆಕ್ಟರಾಗಿ ಮಲ್ಲಪ್ಪಯ್ಯ ಎಂಬ ಇನ್ನೊಬ್ಬ ಹುಡುಗನನ್ನು ನೇಮಿಸಿದರು. ಮೀಸೆ ಮೂಡದ ಮಕ್ಕಳನ್ನು ಸೆರೆಮನೆಗೆ ಹಾಕಲು ಕಾನೂನು ಒಪ್ಪುವುದಿಲ್ಲವೆಂಬ ಲೆಕ್ಕಾಚಾರ ಅದರಲ್ಲಿತ್ತು. ಇದನ್ನು ಕೇಳಿದವರು ನಗುತ್ತಾರೆ. ನನಗೆ ಅದರಲ್ಲಿ ಕಾಣುವುದು ಆ ಊರಿನ ಧೈರ್ಯವೂ ಭಯವೂ ಒಟ್ಟೊಟ್ಟಿಗೆ. ಮುಂದೆ ಏನು ಬರಲಿದೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹೆಜ್ಜೆ ಇಟ್ಟರು.

ಸೆಪ್ಟೆಂಬರ್ ಕೊನೆಯ ವಾರ ಕಂದಾಯ ವಸೂಲಿಗೆ ಬಂದವರ ಕೈಯಿಂದ ಲೆಕ್ಕದ ಪುಸ್ತಕಗಳನ್ನು ಊರಿನವರು ಕಿತ್ತುಕೊಂಡರು. ಹಳ್ಳಿಯವನಿಗೆ ಆಗ ಸರ್ಕಾರವೆಂದರೆ ಈ ಪುಸ್ತಕವೇ. ಯಾರ ಗದ್ದೆ ಎಷ್ಟು ಗುಂಟೆ, ಯಾರ ಬಾಕಿ ಎಷ್ಟು, ಯಾರ ಕೊಟ್ಟಿಗೆಯಿಂದ ಎಮ್ಮೆಯನ್ನು ಜಪ್ತಿ ಮಾಡಬಹುದು ಎಂಬುದೆಲ್ಲ ಅದರೊಳಗೆ. ತನ್ನ ಹೆಸರಿನ ಮುಂದೆ ಏನು ಬರೆದಿದ್ದಾರೆಂದು ಓದಲು ಬಾರದ ರೈತ, ಆ ಪುಸ್ತಕ ಬಿಚ್ಚಿದ ಕೂಡಲೇ ತಲೆ ತಗ್ಗಿಸುತ್ತಿದ್ದ. ಅದು ಈಗ ಅವನ ಕಂಕುಳಲ್ಲಿತ್ತು.

28ರಂದು ಅಮಲ್ದಾರ್ ಚನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಹಸ್ತ ಮಳೆ ಕಾಲಿಟ್ಟ ದಿನಗಳು, ಗದ್ದೆಯಲ್ಲಿ ಭತ್ತ ಹೊಡೆ ಕಟ್ಟುವ ಕಾಲ. ಬಂದವರಿಗೆ ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಒತ್ತಾಯಿಸಿದರು. ಒಂದು ಬಿಳಿ ಖಾದಿ ಟೋಪಿ. ಅಂಗೈಯಲ್ಲಿ ಮಡಚಿ ಹಿಡಿದರೆ ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು ಬಟ್ಟೆ. ಅದನ್ನು ತಲೆಗೆ ಇಡುವುದೋ ಬಿಡುವುದೋ ಎಂಬ ಜಗ್ಗಾಟ ಬಯ್ಗುಳಕ್ಕೆ ತಿರುಗಿತು, ಬಯ್ಗುಳ ಲಾಠಿಗೆ, ಲಾಠಿ ಗುಂಡಿಗೆ. ಜನ ತಿರುಗಿಬಿದ್ದರು. ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಅಲ್ಲೇ ಸತ್ತರು.

ಈ ಸಾವುಗಳನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುವುದು ನಮ್ಮ ಕಡೆಯ ಭಾಷಣಗಳಲ್ಲಿ ರೂಢಿ. ಹಾಗೆ ದಾಟಬಾರದು. ಸತ್ತ ಇಬ್ಬರೂ ಬಿಳಿಯರಲ್ಲ, ಕನ್ನಡ ಮಾತಾಡುವ ಮೈಸೂರಿನ ನೌಕರರು. ಅವರ ದಾರಿ ಕಾಯುವವರೂ ಇದ್ದರು. ಆಳುವವರು ತಾವು ಮರೆಯಲ್ಲಿ ನಿಂತು, ನಮ್ಮವರನ್ನೇ ನಮ್ಮೆದುರಿಗೆ ನಿಲ್ಲಿಸುತ್ತಾರೆ ಎಂಬುದನ್ನು ಈಸೂರಿನ ಬೀದಿ ಆ ಮಧ್ಯಾಹ್ನ ರಕ್ತದಲ್ಲಿ ಕಂಡಿತು. ಈಸೂರನ್ನು ಪ್ರೀತಿಸುವವರು ಈ ಮಾತನ್ನು ಹೇಳುವುದಕ್ಕೆ ಹಿಂಜರಿಯಬೇಕಾಗಿಲ್ಲ.

ಆಮೇಲೆ ನಡೆದದ್ದು ಸೇಡು. ಪೊಲೀಸರ ಜೊತೆಗೆ ಸೇನೆಯೂ ಬಂತು. ಮನೆಗಳು ಲೂಟಿಯಾದವು, ಬೆಂಕಿಗೆ ಬಿದ್ದವು. ಜನ ಕಾಡು ಸೇರಿದರು.

ಕಾಡು ಸೇರಿದರು ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ಸುಲಭ. ಸ್ವಲ್ಪ ನಿಲ್ಲಿ. ಹಸ್ತ ಕಳೆದರೆ ಚಿತ್ತೆ, ಚಿತ್ತೆ ಕಳೆದರೆ ಸ್ವಾತಿ. ಮಳೆ ಬಿಟ್ಟೂ ಬಿಡದೆ ಹೊಡೆಯುವ ವಾರಗಳು. ಆ ಮಳೆಯಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಹೊಗೆ ಕಂಡರೆ ಪೊಲೀಸರು ಬರುತ್ತಾರೆ. ಮಗು ಅತ್ತರೆ ಬಾಯಿಗೆ ಸೆರಗು ತುರುಕಬೇಕು. ಹಟ್ಟಿಯಲ್ಲಿ ಕಟ್ಟಿದ್ದ ದನದ ಕಣ್ಣಿ ಬಿಚ್ಚಿ ಬಂದೆನೋ ಇಲ್ಲವೋ ಎಂಬ ಚಿಂತೆ ಒಬ್ಬಳಿಗೆ. ಮುದಿ ಅತ್ತೆಯನ್ನು ಒಳಗೇ ಬಿಟ್ಟು ಬಂದೆನಲ್ಲ ಎಂಬುದು ಇನ್ನೊಬ್ಬಳಿಗೆ. ಊರು ಬಿಟ್ಟು ಓಡಿದ ಯಾವ ಕುಟುಂಬಕ್ಕೂ ಇವು ಹೊರತಲ್ಲವಾದ್ದರಿಂದ ಇಷ್ಟನ್ನು ಊಹಿಸಿಕೊಳ್ಳಬಹುದು. ಕದ್ದು ಮರಳಿದವರ ಕಣ್ಣಿಗೆ ಬಿದ್ದದ್ದು ಸುಟ್ಟ ತೊಲೆಗಳು. ಕೊಯ್ಲಿನ ಕಾಲಕ್ಕೆ ಭತ್ತ ಹಣ್ಣಾಗದೆ ಇರಲಿಲ್ಲ. ಕುಡುಗೋಲು ಹಿಡಿಯಬೇಕಾದ ಎಷ್ಟೋ ಕೈಗಳು ಸಂಕೋಲೆಯಲ್ಲಿದ್ದವು.

ಮೊಕದ್ದಮೆ ನಡೆಯಿತು. ಮರಣದಂಡನೆಗೆ ಗುರಿಯಾದವರಲ್ಲಿ ಕೆಲವರ ಶಿಕ್ಷೆ ಇಳಿಯಿತು, ಐವರದು ಇಳಿಯಲಿಲ್ಲ. 1943ರ ಮಾರ್ಚ್ 8ರಂದು ಗುರಪ್ಪ ಮತ್ತು ಮಲ್ಲಪ್ಪ. 9ರಂದು ಸೂರ್ಯನಾರಾಯಣಾಚಾರ್ ಮತ್ತು ಹಾಲಪ್ಪ. 10ರಂದು ಶಂಕರಪ್ಪ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಮೂರು ದಿನ ಹೀಗೆ ಒಬ್ಬರ ಹಿಂದೊಬ್ಬರನ್ನು ಗಲ್ಲಿಗೇರಿಸಿದರು. ಸರದಿಯ ಕೊನೆಯಲ್ಲಿ ನಿಂತ ಶಂಕರಪ್ಪನವರ ಆ ಎರಡು ರಾತ್ರಿಗಳನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಆ ಜೈಲು ಈಗ ಫ್ರೀಡಂ ಪಾರ್ಕ್. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ 2008ರಲ್ಲಿ ಅದನ್ನು ಉದ್ಯಾನವಾಗಿ ತೆರೆದರು. ಕಾವಲು ಗೋಪುರ, ಬ್ಯಾರಕ್ಕು, ಕಲ್ಲಿನ ಗೋಡೆ, ನೇಣುಗಂಬ ಎಲ್ಲವನ್ನೂ ಉಳಿಸಿಕೊಂಡಿದ್ದಾರೆ. ರಾಜಧಾನಿಗೆ ಬರುವ ರೈತರು, ಅಂಗನವಾಡಿಯ ಹೆಣ್ಣುಮಕ್ಕಳು, ಪೌರಕಾರ್ಮಿಕರು ಧರಣಿ ಕೂರುವುದೂ ಅಲ್ಲೇ. ಶಿಕಾರಿಪುರ, ಸೊರಬದಿಂದ ಬಂದವರು ಘೋಷಣೆ ಕೂಗಿ ದಣಿದಾಗ ಐದು ನಿಮಿಷ ಬಿಡುವು ಮಾಡಿಕೊಂಡು ಆ ನೇಣುಗಂಬದ ಬಳಿ ಹೋಗಿ ನಿಲ್ಲಬೇಕೆಂದು ನನ್ನ ಆಸೆ. ಮೇಲೆ ಒಂದು ತೊಲೆ, ಕೆಳಗೆ ಕಟ್ಟೆ. ನೋಡುವುದಕ್ಕೆ ಅಷ್ಟೇ.

ಐವರಿಗೆ ಊರಲ್ಲಿ ಸ್ಮಾರಕವಿದೆ, ಹೆಸರಿದೆ, ಆಗಸ್ಟ್ ಹದಿನೈದರಂದು ಹಾರವಿದೆ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ನಾಡಿನ ಮಕ್ಕಳ ಬಾಯಲ್ಲಿದೆ. ಇದೆಲ್ಲ ಇರಬೇಕಾದದ್ದೇ. ಆದರೆ ಅದೇ ಮೊಕದ್ದಮೆಯಲ್ಲಿ ಹಾಲಮ್ಮ, ಸಿದ್ಧಮ್ಮ, ಪಾರ್ವತಮ್ಮ ಎಂಬ ಮೂವರು ಹೆಣ್ಣುಮಕ್ಕಳಿಗೆ ಜೀವಾವಧಿ ಶಿಕ್ಷೆಯಾಯಿತು. ಈ ಮೂರು ಹೆಸರುಗಳನ್ನು ತಡವರಿಸದೆ ಹೇಳಬಲ್ಲವರು ಶಿವಮೊಗ್ಗ ಜಿಲ್ಲೆಯಲ್ಲೇ ಎಷ್ಟು ಮಂದಿ? ಬೀದಿಗಿಳಿದು ಪೊಲೀಸರಿಗೆ ಎದುರಾದ ರೈತ ಹೆಂಗಸರು ಅವರು. ಅವರನ್ನು ಸಂಸ್ಥಾನ ಎಷ್ಟು ಅಪಾಯಕಾರಿಗಳೆಂದು ಎಣಿಸಿತೆಂಬುದಕ್ಕೆ ಆ ಶಿಕ್ಷೆಯೇ ಸಾಕ್ಷಿ. ಅವರ ಸೆರೆಮನೆಯ ದಿನಗಳು ಹೇಗಿದ್ದವು? ಹೊರಗೆ ಅವರ ಮನೆಯ ಒಲೆಯನ್ನು ಯಾರು ನೋಡಿಕೊಂಡರು? ತಿರುಗಿ ಬಂದಾಗ ಬಂಧುಬಳಗ ಹೇಗೆ ಬರಮಾಡಿಕೊಂಡಿತು? ಶಾಲೆಯ ಪಾಠದಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ. ವೀರಗಲ್ಲಿನ ಹಳೆಯ ಪದ್ಧತಿಯನ್ನೇ ನಾವು ಇಲ್ಲಿಯೂ ಮುಂದುವರಿಸಿದ್ದೇವೆ.

ಅದೇ ತಿಂಗಳುಗಳಲ್ಲಿ, ಲೋಕದ ಇನ್ನೊಂದು ಮೂಲೆಯಲ್ಲಿ, ಬದುಕಿ ಉಳಿಯುವುದೇ ಹೋರಾಟವಾಗಿದ್ದ ಒಂದು ಊರಿನ ಮಾತನ್ನು ಇಲ್ಲಿ ತರಬೇಕು. ಪೋಲೆಂಡಿನ ವಾರ್ಸಾ. 1940ರ ನವೆಂಬರ್‌ನಲ್ಲಿ ನಾಜಿಗಳು ನಗರದ ಒಂದು ಭಾಗಕ್ಕೆ ಗೋಡೆ ಕಟ್ಟಿ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಒಳಗೆ ತುಂಬಿದರು. ಹಸಿವು, ಟೈಫಸ್ ಜ್ವರ, ಬೀದಿ ಬದಿಯಲ್ಲಿ ಹೆಣ. ಆ ಘೆಟ್ಟೊದೊಳಗೆ ರಾಕೆಲ್ ಆವರ್‌ಬಾಖ್ ಎಂಬ ಪತ್ರಕರ್ತೆ ಒಂದು ಗಂಜಿಕೇಂದ್ರ ನಡೆಸುತ್ತಿದ್ದಳು. ದಿನವೂ ಬಟ್ಟಲು ಹಿಡಿದು ಸಾಲಿನಲ್ಲಿ ನಿಲ್ಲುವವರ ಮುಖ ಅವಳಿಗೆ ಪರಿಚಯ. ಇವತ್ತು ನಿಂತಿದ್ದವನು ನಾಳೆ ಇರುತ್ತಿರಲಿಲ್ಲ. ಆ ನೀರು ಗಂಜಿ ಯಾರ ಪ್ರಾಣವನ್ನೂ ಉಳಿಸಲಾರದು, ಸಾವನ್ನು ಕೆಲವು ವಾರ ಮುಂದೂಡಬಲ್ಲದು ಎಂಬ ಸತ್ಯ ಅವಳನ್ನು ಸುಡುತ್ತಿತ್ತು. ಆದರೂ ಒಲೆ ಆರಲು ಬಿಡಲಿಲ್ಲ. ಆ ಗಂಜಿಕೇಂದ್ರದ ಕತೆಯನ್ನು ಬರೆದಿಟ್ಟಳು.

ಬರೆಯಲು ಹೇಳಿದವನು ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲೂಮ್. ಸುಮಾರು ಅರವತ್ತು ಮಂದಿಯ ಒಂದು ಗುಪ್ತ ಬಳಗ ಕಟ್ಟಿ ಘೆಟ್ಟೊದ ಬದುಕನ್ನೆಲ್ಲ ಅವನು ಕೂಡಿಹಾಕಿಸುತ್ತಿದ್ದ. ರೇಷನ್ ಚೀಟಿ, ಟ್ರ್ಯಾಮ್ ಟಿಕೇಟು, ಮಿಠಾಯಿ ಸುತ್ತಿದ ಕಾಗದ, ಶಾಲೆ ಮಕ್ಕಳ ಪ್ರಬಂಧ, ಗೋಡೆಯ ಮೇಲಿನ ಆಜ್ಞಾಪತ್ರ ಏನನ್ನೂ ಬಿಡಲಿಲ್ಲ. ನಮ್ಮ ಕತೆಯನ್ನು ಕೊಲ್ಲುವವರು ಬರೆಯಬಾರದು, ನಾವು ಬರೆಯಬೇಕು ಎಂಬುದು ಅವರ ಪಣ. 1942ರ ಜುಲೈ 22ರಂದು ಟ್ರೆಬ್ಲಿಂಕಾದ ಕೊಲೆ ಶಿಬಿರಕ್ಕೆ ಸಾಗಾಟ ಶುರುವಾಯಿತು. ಸೆಪ್ಟೆಂಬರ್ 21ರವರೆಗೆ, ಎರಡೇ ತಿಂಗಳಲ್ಲಿ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ರೈಲಿನ ಡಬ್ಬಿಗಳಲ್ಲಿ ತುಂಬಿ ಒಯ್ದು ವಿಷಗಾಳಿಯಲ್ಲಿ ಕೊಂದರು. ಇದು ಮುಗಿದು ಒಂದು ವಾರಕ್ಕೆ ಈಸೂರಿನ ಬೀದಿಯಲ್ಲಿ ಗುಂಡು ಹಾರಿತು. ಆಗಸ್ಟ್ ಮೊದಲಲ್ಲೇ ಬಳಗದವರು ಹತ್ತು ತಗಡಿನ ಪೆಟ್ಟಿಗೆಗಳಲ್ಲಿ ಕಾಗದಗಳನ್ನು ತುಂಬಿ ಒಂದು ಶಾಲೆಯ ನೆಲದಡಿ ಹೂತಿದ್ದರು. ಮರುವರ್ಷ ಫೆಬ್ರುವರಿಯಲ್ಲಿ ಎರಡು ಹಾಲಿನ ಕ್ಯಾನುಗಳಲ್ಲಿ ಇನ್ನಷ್ಟು ಹೂತರು. 1943ರ ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ ಈಸೂರಿನವರಿಗೆ ನೇಣಾದ ಅದೇ ತಿಂಗಳು, ರಾಕೆಲ್ ಘೆಟ್ಟೊದಿಂದ ತಪ್ಪಿಸಿಕೊಂಡು ಸುಳ್ಳು ಹೆಸರಿನಲ್ಲಿ ನಗರದ ಆಚೆ ಭಾಗ ಸೇರಿದಳು. ಏಪ್ರಿಲ್ 19ರಂದು ಘೆಟ್ಟೊದಲ್ಲಿ ಉಳಿದಿದ್ದ ಯುವಕ ಯುವತಿಯರು ಕೈಗೆ ಸಿಕ್ಕ ಪಿಸ್ತೂಲು, ಪೆಟ್ರೋಲ್ ಬಾಟಲಿ ಹಿಡಿದು ನಾಜಿ ಸೇನೆಯ ಮೇಲೆ ಎದ್ದರು. ಸೇನೆ ಮನೆಮನೆಗೆ ಬೆಂಕಿಯಿಟ್ಟು ಆ ಭಾಗವನ್ನೇ ಇಟ್ಟಿಗೆ ರಾಶಿ ಮಾಡಿತು.

ಈಸೂರನ್ನೂ ವಾರ್ಸಾವನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಮಾತೇ ಇಲ್ಲ. ಆ ನರಮೇಧದಲ್ಲಿ ಯುರೋಪಿನಾದ್ಯಂತ ಸತ್ತ ಯಹೂದಿಗಳು ಅರವತ್ತು ಲಕ್ಷ, ಮತ್ತು ಅವರು ಬೋರ್ಡು ಹಾಕಿದ್ದಕ್ಕೋ ಟೋಪಿ ತೊಡಿಸಿದ್ದಕ್ಕೋ ಸತ್ತವರಲ್ಲ. ಹುಟ್ಟಿದ್ದೇ ಅವರ ಅಪರಾಧ. ಇಲ್ಲಿ ಹೆಸರಿಗಾದರೂ ನ್ಯಾಯಾಲಯವಿತ್ತು, ಮನವಿಗೆ ಅರಮನೆಯಿತ್ತು. ಅಲ್ಲಿ ಅದೂ ಇರಲಿಲ್ಲ. ಆದರೂ ಒಂದು ವಿಷಯದಲ್ಲಿ ನಾವು ಅವರಿಂದ ಕಲಿಯುವುದಿದೆ.

ಯುದ್ಧ ಮುಗಿದಾಗ ಆ ಗುಪ್ತ ಬಳಗದಲ್ಲಿ ಉಳಿದಿದ್ದವರು ಮೂವರು. ರಿಂಗೆಲ್‌ಬ್ಲೂಮ್ 1944ರಲ್ಲೇ ಸಿಕ್ಕಿಬಿದ್ದು ಹೆಂಡತಿ, ಮಗನೊಂದಿಗೆ ಕೊಲೆಯಾಗಿದ್ದ. ಉಳಿದ ಮೂವರಲ್ಲಿ ರಾಕೆಲ್ ಒಬ್ಬಳು. ಇಟ್ಟಿಗೆ ರಾಶಿಯ ಅಡಿಯಲ್ಲಿ ನಮ್ಮ ಜನರ ದನಿ ಇದೆ, ಅಗೆಯಿರಿ ಎಂದು ಕಂಡ ಕಂಡವರ ಬೆನ್ನು ಬಿದ್ದಳು. ಎಲ್ಲಿ ಹೂತಿದ್ದೆಂದು ಬಲ್ಲ ಹೆರ್ಶ್ ವಾಸರ್ ಎಂಬವನೂ ಬದುಕಿದ್ದ. 1946ರ ಸೆಪ್ಟೆಂಬರ್‌ನಲ್ಲಿ ಪೆಟ್ಟಿಗೆಗಳು ಸಿಕ್ಕವು. ಒಳಗೆ ನೀರು ಇಳಿದು ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಅಕ್ಷರಗಳ ಶಾಯಿ ಹರಡಿತ್ತು. ಒಂದೊಂದನ್ನೇ ಬಿಡಿಸಿ ಒಣಗಿಸಿದರು. ಹಾಲಿನ ಕ್ಯಾನುಗಳು ಸಿಕ್ಕಿದ್ದು 1950ರ ಡಿಸೆಂಬರ್‌ನಲ್ಲಿ. ರಾಕೆಲ್ ಮುಂದೆ ಇಸ್ರೇಲಿಗೆ ಹೋಗಿ, ನರಮೇಧದಲ್ಲಿ ಉಳಿದವರ ಹೇಳಿಕೆಗಳನ್ನು ಸಂಗ್ರಹಿಸುವ ಕೆಲಸಕ್ಕೇ ತನ್ನ ಉಳಿದ ಆಯುಷ್ಯವನ್ನು ಕೊಟ್ಟಳು. ಯಾದ್ ವಾಶೆಮ್ ಸಂಸ್ಥೆಯಲ್ಲಿ ಆ ವಿಭಾಗವನ್ನು ಕಟ್ಟಿದವಳು ಅವಳೇ. ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆಯಲ್ಲಿ ಸಾಕ್ಷಿ ನುಡಿದಳು. ಸೇನಾನಿಗಳ ಮಾತಿಗೆ ಮಾತ್ರ ಬೆಲೆ ಎಂಬ ಕಾಲದಲ್ಲಿ, ಅಡುಗೆಯವಳ ಮಾತು, ದರ್ಜಿಯ ಮಾತು, ಅಡಗಿ ಬದುಕಿದ ಮಗುವಿನ ಮಾತು ಕೂಡ ಇತಿಹಾಸವೇ ಎಂದು ಪಟ್ಟು ಹಿಡಿದವಳು. ಆ ಪಟ್ಟು ಬೆಳೆದು ಇಂದು ಅಮೆರಿಕದ ಶೋಆ ಫೌಂಡೇಷನ್ ಒಂದರಲ್ಲೇ ಐವತ್ತು ಸಾವಿರಕ್ಕೂ ಹೆಚ್ಚು ಜನರ ಬಾಯಿಮಾತಿನ ದಾಖಲೆಗಳಿವೆ.

ನಮ್ಮಲ್ಲಿ? ಈಸೂರಿನ ಬಗ್ಗೆ ಪುಸ್ತಕಗಳು ಬಂದಿಲ್ಲವೆಂದಲ್ಲ, ನಾಟಕವಾಡಿದವರೂ ಇದ್ದಾರೆ. ಹೆಚ್ಚಿನವೆಲ್ಲ ಸೆಪ್ಟೆಂಬರ್ 28ರಿಂದ ಮಾರ್ಚ್ 10ರ ಒಳಗೆ ಮುಗಿದುಬಿಡುತ್ತವೆ. ನೇಣಿನ ಹಗ್ಗದಲ್ಲಿ ಕತೆ ನಿಲ್ಲುತ್ತದೆ. ಮಾರ್ಚ್ 11ರ ಬೆಳಿಗ್ಗೆಯೂ ಈಸೂರಿನಲ್ಲಿ ಸೂರ್ಯ ಹುಟ್ಟಿದ. ಐದು ಮನೆಗಳಲ್ಲಿ ಹೆಂಗಸರು ಬಾವಿಗೆ ಹೋಗಲೇಬೇಕಾಗಿತ್ತು. ಸೆರೆಯಲ್ಲಿದ್ದವರ ಎಮ್ಮೆಗೆ ಯಾರಾದರೂ ಹುಲ್ಲು ಹಾಕಲೇಬೇಕಾಗಿತ್ತು. ಮಾಡು ಸುಟ್ಟ ಮನೆಗೆ ಮುಂದಿನ ಮುಂಗಾರಿನೊಳಗೆ ಹೊದಿಕೆ ಆಗಲೇಬೇಕಾಗಿತ್ತು. ಹೊರೆ ಹುಲ್ಲು ಕೊಟ್ಟವರು ಯಾರು, ಪಕ್ಕದೂರಿನಲ್ಲಿ ಬಾಗಿಲು ತೆರೆದವರು ಯಾರು, ಹೆದರಿ ಮುಚ್ಚಿಕೊಂಡವರು ಯಾರು? ಒಂದು ಊರು ಹೇಗೆ ಎದ್ದು ನಿಂತಿತು ಎಂಬ ಈ ಭಾಗ, ಅದು ಹೇಗೆ ಸಿಡಿದೆದ್ದಿತು ಎಂಬ ಭಾಗಕ್ಕಿಂತ ದೊಡ್ಡದೆಂದೇ ನಾನು ನಂಬುತ್ತೇನೆ. ಸಿಡಿದೇಳುವುದು ಒಂದು ಮಧ್ಯಾಹ್ನದ ಕೆಲಸ. ಎದ್ದು ನಿಲ್ಲುವುದಕ್ಕೆ ವರ್ಷಗಳು ಬೇಕು, ಮತ್ತು ಆ ವರ್ಷಗಳನ್ನು ಯಾರೂ ಹಾಡಿ ಹೊಗಳುವುದಿಲ್ಲ.

1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮುಖ್ಯಮಂತ್ರಿತ್ವದಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂತು. ಈಸೂರು ಬೋರ್ಡು ಬರೆಸಿ ಕೇಳಿದ್ದು ಅದನ್ನೇ. ಐದು ವರ್ಷ ತಡವಾಯಿತು.

ಅಂದು ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತು ದಾಟಿರುತ್ತಾರೆ. ಕಣ್ಣಾರೆ ಕಂಡವರ ಸಂಖ್ಯೆ ಬೆರಳೆಣಿಕೆಗೆ ಬಂದಿದ್ದರೂ ಕಿವಿಯಾರೆ ಕೇಳಿದವರು ಇನ್ನೂ ಇದ್ದಾರೆ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಅಜ್ಜಿ ರಾಗಿ ಬೀಸುತ್ತಲೋ ಎಲೆಗೆ ಸುಣ್ಣ ಹಚ್ಚುತ್ತಲೋ ಹೇಳಿದ್ದ ಮಾತು ಅವರ ನೆನಪಿನಲ್ಲಿದೆ. ಕಾಡಿನಲ್ಲಿ ಕಳೆದ ರಾತ್ರಿ, ಜೈಲಿನಿಂದ ಬಂದ ಕಾಗದ, ಮಾರಿದ ಮೂಗುತಿ, ಮರುಮದುವೆಯ ಮಾತು, ಮನೆಯಲ್ಲಿ ಯಾರೂ ಎತ್ತದೆ ಬಿಟ್ಟ ಹೆಸರು. ಇವು ಯಾವ ಸರ್ಕಾರಿ ಕಡತದಲ್ಲೂ ಸಿಗುವಂಥವಲ್ಲ.

ಶಿಕಾರಿಪುರ, ಸೊರಬ, ಶಿರಾಳಕೊಪ್ಪದ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳಿದ್ದಾರೆ. ಪ್ರತಿಯೊಬ್ಬರ ಕಿಸೆಯಲ್ಲೂ ಧ್ವನಿ ಹಿಡಿದಿಡುವ ಮೊಬೈಲಿದೆ. ಅಧ್ಯಾಪಕರಲ್ಲಿ ನನ್ನ ಬಿನ್ನಹ ಇಷ್ಟೇ. ಈ ಬಾರಿಯ ಕಿರುಸಂಶೋಧನೆಗೆ ಮಕ್ಕಳನ್ನು ಗ್ರಂಥಾಲಯಕ್ಕೆ ಕಳಿಸುವ ಬದಲು ಈಸೂರಿನ ಜಗಲಿಗಳಿಗೆ ಕಳಿಸಿ. ಗಲ್ಲಿಗೇರಿದವರ ಮನೆಗೆ ಹೋಗಲಿ, ಜೀವಾವಧಿ ಅನುಭವಿಸಿದ ಹೆಣ್ಣುಮಕ್ಕಳ ಮನೆಗೆ ಹೋಗಲಿ, ಸುಮ್ಮನೆ ಕಾಡಿಗೆ ಓಡಿ ತಿರುಗಿ ಬಂದವರ ಮನೆಗೂ ಹೋಗಲಿ. ಅಮಲ್ದಾರರ, ಸಬ್ ಇನ್‌ಸ್ಪೆಕ್ಟರರ ವಂಶದವರು ಮಾತಾಡಲು ಒಪ್ಪಿದರೆ ಅವರ ಬಳಿಯೂ ಹೋಗಲಿ. ಕೇಳಿದ್ದನ್ನು ತಿದ್ದದೆ, ಆ ಊರಿನ ಮಾತಿನಲ್ಲೇ ಬರೆದಿಡಲಿ. ಒಂದು ಪ್ರತಿಯನ್ನು ಆ ಮನೆಯವರ ಕೈಗೇ ಕೊಡಲಿ. ಹಿರಿಯರಿರುವ ಮನೆಯವರು ಕಾಲೇಜಿನವರು ಬರಲೆಂದು ಕಾಯಬೇಡಿ. ಇವತ್ತು ಸಂಜೆ ಪಕ್ಕದಲ್ಲಿ ಕೂತು ಕೇಳಿ, ಬರೆದುಕೊಳ್ಳಿ.